ಓಶ್ ಬಜಾರಿನ ಮೇಲೊಂದು ಬೆನ್ನು

ಕೆಂಜೆಬೆಕ್ ಬೂಟು ಬಿಚ್ಚದೆ ಒಳಗೆ ಬಂದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಹೆಂಡತಿ ಜೂರಾ ಇಂಥದ್ದನ್ನು ನೋಡಿದ್ದು ಒಂದೇ ಸಲ, ಮಾವ ತೀರಿಕೊಂಡ ಸುದ್ದಿ ಬಂದ ದಿನ. ಅವಳು ತಗ್ಗು ಮೇಜಿನ ಮುಂದೆ ಕೂತು ಸಾರಿಗೆ ಹಾಕುವ ಕೆಸ್ಮೆ ಎಳೆಗಳಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ಅತ್ತೆ ಬತ್ಮಾ ಗೋಡೆಗೊರಗಿ, ತಾನೇ ಹೊಲಿದ ಶಿರ್ದಾಕ್ ಎಂಬ ಉಣ್ಣೆಯ ಹಾಸಿನ ಮೇಲೆ ಕಾಲು ಚಾಚಿ, ಉಣ್ಣೆಯ ಹುರಿ ಹೊಸೆಯುತ್ತಿದ್ದಳು. ಇಬ್ಬರ ಮುಖವನ್ನೂ ನೋಡದೆ ಕೆಂಜೆಬೆಕ್ ಫೋನ್ ತೆಗೆದ. ಮುನ್ನೂರು ಕಿಲೋಮೀಟರ್ ಆಚೆ, ಅತ್‌ಬಾಶಿಯ ಬೆಟ್ಟದ ಊರಿನಲ್ಲಿದ್ದ ತಂಗಿಗೆ ಕರೆ ಮಾಡಿದ.

"ಕಲಿಮಾ! ಮಾನ ಮರ್ಯಾದೆ ಏನಾದ್ರೂ ಇದ್ಯೇನೇ ನಿಂಗೆ? ಗಂಡ ಮಕ್ಕಳು ಇರೋ ಹೆಂಗಸು ನೀನು!"

"ಅಣ್ಣ, ಏನಾಯ್ತು?"

"ಏನಾಯ್ತು ಅಂತ ಕೇಳ್ತೀಯಾ? ಬಟ್ಟೆ ಬಿಚ್ಚಿ ಕೂತು ಫೋಟೋ ತೆಗೆಸ್ಕೊಂಡಿದೀಯ! ಓಶ್ ಬಜಾರಿನ ಮೇಲೆ ನೇತು ಹಾಕಿದಾರೆ, ಮೂರು ಮಹಡಿ ಎತ್ತರಕ್ಕೆ! ಅದೂ ಸೌನಾದ ಜಾಹೀರಾತಿಗೆ!"

"ಕುಡಿದಿದೀಯಾ? ನಾನು ಓಶ್ ಬಜಾರ್ ನೋಡಿ ನಾಲ್ಕು ವರ್ಷ ಆಯ್ತು. ಇಲ್ಲಿ ಕುರಿ ಈಯೋ ಕಾಲ, ಮೈ ತೊಳೆಯೋಕೇ ಪುರುಸೊತ್ತಿಲ್ಲ, ಇನ್ನು ಬಟ್ಟೆ ಬಿಚ್ಚಿ ಕೂತ್ಕೋತೀನಾ?"

"ಸುಳ್ಳು ಹೇಳ್ಬೇಡ. ನಿನ್ನ ಶಿರ್ದಾಕ್ ಮೇಲೇ ಕೂತಿದೀಯ. ನಾಯಿಬಾಲದ ಮೂಲೆ ಎದ್ದು ಕಾಣ್ತಾ ಇದೆ."

ಬಿಷ್ಕೆಕ್ ನಗರದಲ್ಲಿ ಸೌನಾ ಎಂದರೆ ಮೈ ತೊಳೆಯುವ ಜಾಗವಲ್ಲ ಎಂದು ಎಲ್ಲರಿಗೂ ಗೊತ್ತು. ಮೈ ತೊಳೆಯಲು ಜನ ಜೂರಾ ಕೆಲಸ ಮಾಡುವಂಥ ಹಳೆಯ ಸ್ನಾನಗೃಹಗಳಿಗೆ ಹೋಗುತ್ತಾರೆ. ಸೌನಾಕ್ಕೆ ಹೋಗುವವರು ಗಂಟೆ ಲೆಕ್ಕದಲ್ಲಿ ಕೋಣೆ ಹಿಡಿಯುತ್ತಾರೆ, ಹೆಂಡತಿಗೆ ಹೇಳುವುದಿಲ್ಲ. ಬಜಾರಿನ ಎದುರು ಹೊಸದಾಗಿ ತೆರೆದ ಅಂಥದೊಂದು ಸೌನಾ ತನ್ನ ಗೋಡೆಗೆ ದೊಡ್ಡ ಬ್ಯಾನರ್ ಕಟ್ಟಿತ್ತು. ಕಪ್ಪು-ಬಿಳುಪು ಚಿತ್ರ. ಹಿಂದೆ ತಿರುಗಿ ಕೂತ ಹೆಂಗಸಿನ ಬರೀ ಬೆನ್ನು. ಮುಖವಿಲ್ಲ. ಕೆಂಜೆಬೆಕ್ ಮಿನಿಬಸ್ಸಿನ ಚಾಲಕ, ದಿನಕ್ಕೆ ಹದಿನಾಲ್ಕು ಸಲ ಅದರಡಿ ಹಾದುಹೋಗುವವನು. ನಾಲ್ಕು ದಿನ ಆ ಬೆನ್ನನ್ನು ನೋಡಲಿಲ್ಲವೆಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ನೋಡಿದ್ದ. ಐದನೆಯ ದಿನ ಕೆಂಪು ದೀಪ ಬೀಳುವಾಗ ಕಣ್ಣು ಬೆನ್ನಿನಿಂದ ಕೆಳಗಿಳಿದು ಹಾಸಿನ ಮೇಲೆ ಹೋಯಿತು. ಮೂರು ಮೂಲೆಗೆ ಟಗರಿನ ಕೊಂಬು, ನಾಲ್ಕನೆಯದಕ್ಕೆ ನಾಯಿಬಾಲದ ಸುರುಳಿ. ಹಾಗೆ ಹೊಲಿಯುವವಳು ಭೂಮಿಯ ಮೇಲೆ ಒಬ್ಬಳೇ, ಅವನ ತಾಯಿ.

ಅಂಥವು ಇದ್ದದ್ದು ಎರಡೇ. ಶಿರ್ದಾಕ್ ಹೊಲಿಯುವವರು ಎರಡು ಬಣ್ಣದ ಕಂಬಳಿಯನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕತ್ತರಿಸುತ್ತಾರೆ. ಕೆಂಪಿನ ಕೊಂಬು ನೀಲಿಯ ಹೊಟ್ಟೆಗೆ, ನೀಲಿಯ ಕೊಂಬು ಕೆಂಪಿನ ಹೊಟ್ಟೆಗೆ. ಹೀಗೆ ಪ್ರತಿ ಹಾಸಿಗೂ ಬಣ್ಣ ಅದಲುಬದಲಾದ ಒಂದು ಅವಳಿ ಹುಟ್ಟುತ್ತದೆ. ಕೆಂಪು ನೆಲದ್ದು ಮಗನ ಮನೆಯಲ್ಲಿ ಉಳಿಯಿತು, ನೀಲಿ ನೆಲದ್ದು ಕಲಿಮಾಳ ಮದುವೆಯಲ್ಲಿ ಅವಳ ಜೊತೆ ಹೋಯಿತು. ಕಪ್ಪು-ಬಿಳುಪಿನಲ್ಲಿ ಆ ಕೆಂಪು, ಈ ನೀಲಿ ಎರಡೂ ಒಂದೇ ಬೂದಿ, ನಡುವಿನ ಬಿಳಿ ಹುರಿಯ ಗೆರೆಯಷ್ಟೇ ಎದ್ದು ಕಾಣುವುದು. ಹಾಗಾದರೆ ಬೆನ್ನು ಯಾರದು? ಹೆಂಡತಿಯದಿರಬಹುದು ಎಂಬ ಯೋಚನೆ ಕೆಂಜೆಬೆಕ್‌ನ ತಲೆಗೆ ಬರಲೇ ಇಲ್ಲ. ನಲವತ್ತೇಳು ವರ್ಷದ, ಪಾವಡೆಯೊಳಗೆ ಉಣ್ಣೆಯ ಚಲ್ಲಣ ಹಾಕಿಕೊಂಡು ಓಡಾಡುವ ಜೂರಾಳದೇ? ಕಲಿಮಾ ಚಿಕ್ಕಂದಿನಿಂದಲೂ ಹಟಮಾರಿ. ಅವಳೇ.

ಫೋನಿನ ಆ ಕಡೆ ಕಲಿಮಾ ಅಳುತ್ತಿದ್ದಳು. ಹಿಂದಿನಿಂದ ಅವಳ ಗಂಡ "ಏನದು, ಏನದು" ಎಂದು ಕೇಳುವುದೂ ಕೇಳಿಸಿತು.

ಜೂರಾಳ ಲಟ್ಟಣಿಗೆ ನಿಂತುಹೋಗಿತ್ತು. ಬ್ಯಾನರಿನ ಸುದ್ದಿ ಅವಳಿಗೂ ಗೊತ್ತಾದದ್ದು ಆ ಕ್ಷಣವೇ. ಬಾಯಿ ಮುಚ್ಚಿಕೊಂಡು ಹಿಟ್ಟು ಲಟ್ಟಿಸುತ್ತಿದ್ದರೆ ಯಾರೂ ಅವಳ ಕಡೆ ತಿರುಗಿ ನೋಡುತ್ತಿರಲಿಲ್ಲ. ಅವಳು ಕೈಯ ಹಿಟ್ಟನ್ನು ಪಾವಡೆಗೊರೆಸಿ ಎದ್ದಳು.

"ರೀ, ಫೋನ್ ಇಡಿ. ಅದು ಅವಳಲ್ಲ. ನಾನು."

ಕೆಂಜೆಬೆಕ್ ಮೊದಲು ನಕ್ಕುಬಿಟ್ಟ. "ನೀನಾ?"

"ನಾನೇ."

"ಸುಮ್ನಿರು ಜೂರಾ, ನಂಗೆ ತಮಾಷೆ ಬೇಡ."

"ತಮಾಷೆ ಅಲ್ಲ. ಆ ಬೆನ್ನು ನಂದು. ಕಲಿಮಾ, ಕೇಳ್ತಿದ್ಯಾ? ನಿನ್ನ ಗಂಡನಿಗೆ ಹೇಳು, ನಿನ್ನ ಅತ್ತಿಗೇದು ಅಂತ."

ಫೋನಿನಲ್ಲಿ ಮೂಗು ಸೇದುವ ಸದ್ದಾಯಿತು. ಆಮೇಲೆ ಕಲಿಮಾ ಅಂದಳು: "ಅಣ್ಣ, ನಾನು ನಾಳಿದ್ದು ಬರ್ತೀನಿ. ನೀನು ಮನೇಲೇ ಇರು."

ಬತ್ಮಾ ತಾನು ಕೂತ ಶಿರ್ದಾಕಿನ ಮೇಲೆ ಅಂಗೈ ಇಟ್ಟು, ನಾಯಿಬಾಲದ ಮೂಲೆಯನ್ನು ತನ್ನ ಕಡೆಗೆ ಮಡಚಿಕೊಂಡಳು.

ನಡೆದದ್ದು ಇಷ್ಟೇ. ಚೋಲ್ಪೋನ್ ಎಂಬ ಮೂವತ್ತೈದರ ಹೆಂಗಸು ಗುರುವಾರ ಗುರುವಾರ ಸ್ನಾನಗೃಹಕ್ಕೆ ಬರುತ್ತಿದ್ದಳು. ಜೂರಾ ಅವಳ ಬೆನ್ನು ಉಜ್ಜುತ್ತಿದ್ದಳು. ಅವಳು ಫೋಟೋಗ್ರಾಫರ್, ನಲವತ್ತು ದಾಟಿದ ಹೆಂಗಸರ ಮೈಯನ್ನು ಇದ್ದಹಾಗೇ ತೆಗೆದು ಒಂದು ಪ್ರದರ್ಶನ ಮಾಡಬೇಕೆಂದಿದ್ದಳು. ಎಂಟು ತಿಂಗಳು ಬರೀ ಮಾತಾಡಿದಳು, ಒಂದು ಸಲವೂ ಕ್ಯಾಮೆರಾ ತರಲಿಲ್ಲ. ಕೊನೆಗೆ ಜೂರಾಳೇ "ನಂದು ಯಾವಾಗ ತೆಗೀತೀಯ?" ಎಂದು ಕೇಳಿದ್ದು. ಹತ್ತೊಂಬತ್ತು ವರ್ಷದಿಂದ ಊರ ಹೆಂಗಸರ ಬೆನ್ನು ಉಜ್ಜಿದವಳು ತನ್ನ ಬೆನ್ನನ್ನು ಒಂದು ದಿನವೂ ನೋಡಿರಲಿಲ್ಲ.

ಸ್ನಾನಗೃಹಕ್ಕೆ ಸೋಮವಾರ ರಜೆ. ಚೋಲ್ಪೋನ್ ಒಬ್ಬಳೇ ಬಂದಳು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೂರಾಳ ಕೈಯಲ್ಲಿಟ್ಟಳು. "ಇದು ನಿಮ್ಮ ಹತ್ರ ಇರ್ಲಿ, ಎಜೆ. ಸಾಕು ಅನ್ನಿಸಿದಾಗ ನೀವೇ ತೆಗೀರಿ." ಅಕ್ಕನ ವಯಸ್ಸಿನವರನ್ನು ಎಜೆ, ಅಮ್ಮನ ವಯಸ್ಸಿನವರನ್ನು ಅಪಾ ಎಂದು ಕರೆಯುವುದು ಎಲ್ಲರೂ ಮಾಡುತ್ತಾರೆ, ಕೀಲಿ ಕೊಡುವವರು ಕಡಿಮೆ. ಬರುವಾಗ ಮನೆಯಿಂದ ಮೈಗೆ ಒಗ್ಗಿದ ಏನಾದರೂ ತನ್ನಿ, ತಣ್ಣನೆ ಕಲ್ಲಿನ ಮೇಲೆ ಕೂರಬೇಡಿ ಎಂದು ಮೊದಲೇ ಹೇಳಿದ್ದಳು. ಜೂರಾ ಅತ್ತೆಗೆ, "ನಮ್ಮಂಗಳದ ಹಿಮ ಎಲ್ಲಾ ಕಲ್ಲಿದ್ದಲ ಮಸಿ, ಶಿರ್ದಾಕನ್ನ ಸ್ನಾನಗೃಹದ ಹಿಂದಿನ ಚೊಕ್ಕ ಹಿಮದಲ್ಲಿ ಉಜ್ಜಿ ತರ್ತೀನಿ" ಎಂದು ಹೇಳಿ ಹೊತ್ತು ತಂದಿದ್ದಳು. ಉಜ್ಜಿದ್ದೂ ನಿಜ. ಅದಕ್ಕೆ ಮೊದಲು ಅದರ ಮೇಲೆ ಕೂತದ್ದೂ ನಿಜ.

ಪ್ರತಿ ಚಿತ್ರವನ್ನೂ ತೋರಿಸಿ, ಬೇಡ ಅಂದದ್ದನ್ನು ಚೋಲ್ಪೋನ್ ಅಲ್ಲೇ ಅಳಿಸಿದಳು. ಉಳಿದದ್ದು ಮೂರು. "ಇದು ನಂದಾ?" ಎಂದಳು ಜೂರಾ. ಸುಮಾರು ಹೊತ್ತು ನೋಡಿ, "ಅಡ್ಡಿಯಿಲ್ಲ, ಗಟ್ಟಿಯಾಗಿದೆ" ಎಂದಳು. ಎರಡು ಪ್ರತಿ ಕಾಗದಕ್ಕೆ ಇಬ್ಬರೂ ಸಹಿ ಮಾಡಿದರು. ಮುಖ ಬೇಡ, ಹೆಸರು ಬೇಡ, ಇಂಟರ್ನೆಟ್ಟಿಗೆ ಬೇಡ, ಪ್ರದರ್ಶನದ ಗೋಡೆಗೆ ಬಿಟ್ಟು ಬೇರೆಲ್ಲಿಗೂ ಬೇಡ. ಬೇಡವೆನಿಸಿದರೆ ಯಾವಾಗ ಬೇಕಾದರೂ ಒಂದು ಮಾತು ಹೇಳಿದರೆ ಸಾಕು. ಜೂರಾ ತನ್ನ ಪ್ರತಿಯನ್ನು ಟೀ ಡಬ್ಬಿಯ ಅಡಿಯಲ್ಲಿಟ್ಟಿದ್ದಳು.

ಮಾರನೆಯ ಬೆಳಿಗ್ಗೆ ಮಗಳು ಐಪೆರಿ ಆ ಕಾಗದವನ್ನು ಮೂರು ಸಲ ಓದಿದಳು. ಇಪ್ಪತ್ತಮೂರು ವರ್ಷ, ಔಷಧಿ ಅಂಗಡಿಯಲ್ಲಿ ಕೆಲಸ. ಕಣ್ಣು ಊದಿಕೊಂಡಿತ್ತು.

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ಅಮ್ಮ?"

"ಹೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ರೊಟ್ಟಿ ತಿನ್ನು."

"ನಮ್ಮ ಅಂಗಡಿ ಹುಡುಗೀರೆಲ್ಲ ಆ ಬಸ್‌ಸ್ಟಾಪಲ್ಲೇ ಇಳಿಯೋದು." ಐಪೆರಿ ಮತ್ತೆ ಕಾಗದ ನೋಡಿದಳು. "ಇದ್ರಲ್ಲಿ ಸೌನಾ ಅಂತ ಎಲ್ಲೂ ಇಲ್ವಲ್ಲ."

"ಇಲ್ಲ."

"ಹಾಗಾದ್ರೆ ಇದು ಕಳ್ಳತನ."

ಒಳಕೋಣೆಯಿಂದ ಕೆಂಜೆಬೆಕ್ ಕೂಗಿದ: "ಕಳ್ಳತನವಂತೆ! ಹೋಗು, ಪೊಲೀಸಿಗೆ ಹೇಳು, ನಮ್ಮಮ್ಮನ ಬರಿ ಬೆನ್ನು ಕಳುವಾಗಿದೆ, ಹುಡುಕಿಕೊಡಿ ಅಂತ!"

"ಹುಡುಕೋದೇನಿದೆ," ಅಂದಳು ಜೂರಾ. "ಮೂರು ಮಹಡಿ ಎತ್ತರ ಇದ್ಯಂತಲ್ಲ."

ಐಪೆರಿ ನಗಬಾರದೆಂದುಕೊಂಡೂ ನಕ್ಕಳು. ಬತ್ಮಾ ನಗಲಿಲ್ಲ. ಆ ದಿನ ಟೀ ಸುರಿಯುವ ಕೆಲಸವನ್ನು ಸೊಸೆಯ ಕೈಯಿಂದ ಕಿತ್ತುಕೊಂಡು ತಾನೇ ಸುರಿದಳು. ಜೂರಾಳ ಬಟ್ಟಲನ್ನು ಅಂಚಿನವರೆಗೆ ತುಂಬಿದಳು. ಅರ್ಧ ಬಟ್ಟಲು ಕೊಟ್ಟರೆ ಇನ್ನೂ ಕೂತಿರು, ಮತ್ತೆ ಕೊಡುತ್ತೇನೆ ಎಂದರ್ಥ. ತುಂಬಿ ಕೊಟ್ಟರೆ, ಕುಡಿದು ಎದ್ದು ಹೋಗು. ಜೂರಾ ಬಾಯಿ ಸುಟ್ಟುಕೊಂಡು ಕುಡಿದು ಕೆಲಸಕ್ಕೆ ಹೋದಳು.

ಕೆಲಸಕ್ಕೆ ಹೋದವಳು ಅಲ್ಲಿ ನಿಲ್ಲಲಿಲ್ಲ. ನೇರ ಚೋಲ್ಪೋನಳ ಮನೆಗೆ ಹೋಗಿ ಬಾಗಿಲು ಬಡಿದಳು.

"ಎಷ್ಟಕ್ಕೆ ಮಾರಿದೆ ನನ್ನನ್ನ?"

ಚೋಲ್ಪೋನಳಿಗೆ ಏನೂ ಗೊತ್ತಿರಲಿಲ್ಲ. ಪ್ರದರ್ಶನಕ್ಕೆ ದೊಡ್ಡದಾಗಿ ಮುದ್ರಿಸಲು ಚಿತ್ರಗಳನ್ನು ಒಂದು ಮುದ್ರಣದ ಅಂಗಡಿಗೆ ಕೊಟ್ಟಿದ್ದಳು. ಸೌನಾದ ಬ್ಯಾನರ್ ಮಾಡಿದ್ದೂ ಅದೇ ಅಂಗಡಿ.

"ಯಾಕೆ ಕೊಟ್ಟೆ? ನನ್ನ ಕೈಗೆ ಬಾಗಿಲ ಕೀಲಿ ಕೊಟ್ಟು, ಚಿತ್ರಾನ ಕಂಡವರ ಕೈಗೆ ಕೊಟ್ಟೆ!"

"ತಪ್ಪು ನಂದೇ, ಎಜೆ. ಅವರ ಹತ್ರಾನೂ ಕಾಗದಕ್ಕೆ ಸಹಿ ಹಾಕಿಸ್ಕೋಬೇಕಿತ್ತು, ಅಳಿಸೋವರೆಗೂ ಅಲ್ಲೇ ನಿಂತಿರ್ಬೇಕಿತ್ತು. ನೀವು ಬೇಡ ಅಂದ್ರೆ ಈಗ್ಲೇ ಪ್ರದರ್ಶನದಿಂದ ತೆಗೀತೀನಿ. ಬೇಕಿದ್ರೆ ಪ್ರದರ್ಶನಾನೇ ಬಿಡ್ತೀನಿ."

ಅವಳು ನೆಪ ಹೇಳಿದ್ದರೆ ಜೂರಾ ಇನ್ನೊಂದು ಗಂಟೆ ಬೈಯುತ್ತಿದ್ದಳು. ಹೇಳಲಿಲ್ಲವಾದ್ದರಿಂದ ಬೈಗುಳ ಬೇಗ ಮುಗಿಯಿತು. "ಪ್ರದರ್ಶನದ್ದು ಆಮೇಲೆ ನೋಡೋಣ," ಎಂದಳು. "ಮೊದ್ಲು ಅದನ್ನ ಗೋಡೆಯಿಂದ ಇಳಿಸ್ಬೇಕು. ನಿನ್ನ ಕಾಗದ ತಗೋ, ನಾನು ಹೇಳಿದ ದಿನ ಬಾ."

ಕಲಿಮಾ ಹೇಳಿದ ದಿನವೇ ಬಂದಳು. ಷೇರ್ ಟ್ಯಾಕ್ಸಿಯ ಡಿಕ್ಕಿಯಿಂದ ಅರ್ಧ ಕುರಿ, ಒಂದು ಚೀಲ ಒಣಮೊಸರಿನ ಕುರುತ್ ಉಂಡೆ, ಸುರುಳಿ ಸುತ್ತಿದ ಶಿರ್ದಾಕ್ ಇಳಿಸಿದಳು. ಮನೆಯೊಳಗೆ ಕಾಲಿಡದೆ ಅಂಗಳದಲ್ಲೇ ಹಾಸನ್ನು ಬಿಡಿಸಿ ಅಣ್ಣನನ್ನು ಕೂಗಿದಳು.

"ಬಾ ಇಲ್ಲಿ. ಇದೇನು ಬಣ್ಣ?"

"ನೀಲಿ," ಅಂದ ಕೆಂಜೆಬೆಕ್.

"ನಿನ್ನ ಮನೇದು?"

"ಕೆಂಪು. ಆದ್ರೆ ಆ ಬ್ಯಾನರಲ್ಲಿ ಎರಡೂ..."

"ಆ ಬ್ಯಾನರಲ್ಲಿ ಹೆಂಗಸಿನ ಬೆನ್ನೂ ಇತ್ತಲ್ಲ ಅಣ್ಣ. ಇಪ್ಪತ್ತೈದು ವರ್ಷದಿಂದ ಪಕ್ಕದಲ್ಲಿ ಮಲಗಿದೀಯ. ಹೆಂಡತಿ ಬೆನ್ನು ಗುರುತು ಸಿಗ್ಲಿಲ್ಲ, ಅವ್ವನ ಹೊಲಿಗೆ ಸಿಕ್ತಾ?"

ಬೇಲಿಯಾಚೆ ಪಕ್ಕದ ಮನೆಯವಳು ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತಿದ್ದಳು. ಕೆಂಜೆಬೆಕ್ ಕಿವಿಯವರೆಗೆ ಕೆಂಪಾದ. "ಮೆಲ್ಲಗೆ ಮಾತಾಡೇ."

"ನೀನು ಮೆಲ್ಲಗೆ ಮಾತಾಡಿದ್ಯಾ? ನನ್ನ ಗಂಡ ಎರಡು ದಿನದಿಂದ ನನ್ನ ಮುಖ ನೋಡ್ತಿಲ್ಲ. ಅತ್ತಿಗೆ ಬಾಯಿ ಬಿಡದೇ ಇದ್ದಿದ್ರೆ ನನ್ನ ಸಂಸಾರ ಮುಗೀತಿತ್ತು. ಬಟ್ಟೆ ಬಿಚ್ಚಿದಾಳೋ ಬಿಟ್ಟಿದಾಳೋ, ನಿನ್ನ ಮನೇಲಿ ಗಂಡಸು ಅಂತಿದ್ರೆ ಅವಳೊಬ್ಬಳೇ."

ಒಳಗೆ ಬಂದು ಅವಳು ಜೂರಾಳ ಪಕ್ಕ ಕೂತು ಈರುಳ್ಳಿ ಹೆಚ್ಚತೊಡಗಿದಳು. ಮಾಂಸ ಬೆಂದ ಮೇಲೆ ಕಲಿಮಾ ಕೇಳಿದಳು, "ಚಳಿ ಆಗ್ಲಿಲ್ವಾ?"

"ಎಲ್ಲಿ? ಫೋಟೋ ತೆಗೆಯುವಾಗಾ? ಇಲ್ಲ. ಒಲೆ ಹಚ್ಚಿದ್ಲು."

"ಒಳ್ಳೆ ಹುಡುಗಿ."

ಹೀಗೆ ಎರಡು ವಾರ ಕಳೆಯಿತು. ಕಲಿಮಾ ಊರಿಗೆ ಹೋಗಲಿಲ್ಲ. ಬ್ಯಾನರ್ ಇಳಿಯದೆ ಹೋಗುವುದಿಲ್ಲ, ಗಂಡನಿಗೆ ಅದನ್ನೇ ತೋರಿಸುತ್ತೇನೆ ಎಂದಳು. ಕೆಂಜೆಬೆಕ್ ಅಡುಗೆಕೋಣೆಯಲ್ಲಿ ನಿಂತೇ ತಿಂದು ಹೋಗುತ್ತಿದ್ದ. ಐಪೆರಿ ಕಾನೂನು ತಿಳಿದವರನ್ನು ಕೇಳಿ, ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ಹೀಗೆ ಬಳಸುವಂತಿಲ್ಲ ಎಂದು ಎರಡು ಪುಟ ದೂರು ಬರೆದು ಸೌನಾಕ್ಕೆ ಕಳಿಸಿದಳು. ಉತ್ತರ ಬರಲಿಲ್ಲ. ಕೊನೆಗೆ ಹೆಂಗಸರೇ ಸೌನಾಕ್ಕೆ ಹೋಗಿ ಕೇಳುವುದೆಂದಾಯಿತು. ಬತ್ಮಾ ಬಟ್ಟಲು ತುಂಬಿಸುವುದನ್ನು ನಿಲ್ಲಿಸಲಿಲ್ಲ.

ಒಂದು ಸಂಜೆ ಕೆಂಜೆಬೆಕ್ ಬಂದು, ಆ ದಿನ ಬೂಟು ಬಿಚ್ಚಿ, ಮೇಜಿನ ಮುಂದೆ ಕೂತ.

"ಇವತ್ತು ಒಬ್ಬನನ್ನ ಬಸ್ಸಿಂದ ಇಳಿಸ್ದೆ," ಅಂದ.

"ಯಾಕೆ, ದುಡ್ಡು ಕೊಡ್ಲಿಲ್ವಾ?" ಎಂದಳು ಬತ್ಮಾ.

"ಕೊಟ್ಟಿದ್ದ. ವಾಪಸ್ ಕೊಟ್ಟು ಇಳಿಸ್ದೆ. ಬ್ಯಾನರ್ ನೋಡಿ ಏನೋ ಅಂದ."

ಜೂರಾ ಸಾರಿನ ಬಟ್ಟಲು ಅವನ ಮುಂದಿಟ್ಟಳು. ಅವನು ಅರ್ಧ ತಿಂದು, ತಲೆಯೆತ್ತದೆ ಕೇಳಿದ: "ಯಾವತ್ತು ಹೋಗ್ತೀರಾ ಅಲ್ಲಿಗೆ?"

"ನಾಳೆ."

"ಹತ್ತು ಗಂಟೆ ಟ್ರಿಪ್ಪಿಗೆ ಬನ್ನಿ. ನಾನೇ ಬಿಡ್ತೀನಿ."

ಬೆಳಿಗ್ಗೆ ಹೊರಡುವಾಗ ಜೂರಾ ಶಿರ್ದಾಕ್ ಕೇಳಿದಳು. ಬತ್ಮಾ ಅದರ ಮೇಲಿಂದ ಏಳಲೇ ಇಲ್ಲ. "ಇದು ಈ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ. ಒಂದ್ಸಲ ಹೋಗಿ ಬಂದಿದ್ದು ಸಾಕು."

"ಬಿಡಿ ಅತ್ತಿಗೆ, ನಂದಿದೆಯಲ್ಲ," ಎಂದು ಕಲಿಮಾ ನೀಲಿಯದನ್ನು ಹೆಗಲಿಗೇರಿಸಿದಳು. "ಅವರಿಗೂ ಅಣ್ಣನಷ್ಟೇ ಬುದ್ಧಿ ಇರುತ್ತೆ. ಕಪ್ಪು-ಬಿಳುಪಲ್ಲಿ ಎಲ್ಲಾ ಒಂದೇ."

ಕೆಂಜೆಬೆಕ್ ಬಸ್ಸನ್ನು ಸ್ಟಾಪಿನಲ್ಲಿ ನಿಲ್ಲಿಸಲಿಲ್ಲ. ಸೌನಾದ ಬಾಗಿಲಿಗೇ ಅಡ್ಡ ನಿಲ್ಲಿಸಿ ಎಂಜಿನ್ ಆರಿಸಿದ. ಬಸ್ಸಿನೊಳಗೆ ಜೂರಾ, ಕಲಿಮಾ, ಐಪೆರಿ, ಚೋಲ್ಪೋನ್ ಅಲ್ಲದೆ ಹದಿನೆಂಟು ಜನ ಇದ್ದರು.

"ಏನಪ್ಪಾ ಡ್ರೈವರ್, ಇಲ್ಯಾಕೆ ನಿಲ್ಸಿದೆ?"

"ಹತ್ತು ನಿಮಿಷ. ನನ್ನ ಹೆಂಡತಿಗೆ ಒಳಗೆ ಕೆಲಸ ಇದೆ."

"ಸೌನಾದಲ್ಲಾ?" ಯಾರೋ ಕಿಸಕ್ಕೆಂದರು.

ಕೆಂಜೆಬೆಕ್ ಸೀಟಿನಲ್ಲೇ ಪೂರ್ತಿ ತಿರುಗಿದ. "ಆ ಮೇಲೆ ನೇತಾಡ್ತಾ ಇರೋದು ನನ್ನ ಹೆಂಡತಿ ಬೆನ್ನು. ಅವಳನ್ನ ಕೇಳದೆ ಕದ್ದು ಹಾಕಿದಾರೆ. ಇಳಿಸೋಕೆ ಬಂದಿದೀವಿ. ನಗೋರು ಇಳ್ಕೊಂಡು ನಡ್ಕೊಂಡು ಹೋಗಿ."

ಒಬ್ಬರೂ ಇಳಿಯಲಿಲ್ಲ. ಜೂರಾ ಗಂಡನ ಬಾಯಿಂದ ಅಷ್ಟು ಉದ್ದದ ಮಾತನ್ನು ನಿಶ್ಚಿತಾರ್ಥವಾದ ಮೇಲೆ ಕೇಳಿರಲಿಲ್ಲ.

ಒಳಗೆ ಮ್ಯಾನೇಜರ್ ಇದ್ದ. ತಲೆಗೆ ಎಣ್ಣೆಯಂಥದ್ದೇನೋ ಮೆತ್ತಿಕೊಂಡ ಮೂವತ್ತರ ಗಂಡು. ಐಪೆರಿಯ ದೂರು ಅವನ ಮೇಜಿನ ಮೇಲೇ ಇತ್ತು, ಅದರ ಮೇಲೆ ಟೀ ಬಟ್ಟಲಿಟ್ಟಿದ್ದ. ಚೋಲ್ಪೋನ್ ಕಾಗದ ತೋರಿಸಿದಳು. ಅವನು ಓದಿ ತಳ್ಳಿದ.

"ಯಾರ ಚಿತ್ರ ಅಂತ ಹೇಗೆ ಹೇಳ್ತೀರಾ? ಮುಖಾನೇ ಇಲ್ಲ. ಬೆನ್ನು ಯಾರದ್ದಾದ್ರೂ ಆಗಬಹುದು."

ಅಲ್ಲಿಯ ತನಕ ಸುಮ್ಮನಿದ್ದ ಜೂರಾಳಿಗೆ ಪಿತ್ತ ನೆತ್ತಿಗೇರಿತು.

"ಬೆನ್ನು ಯಾರದ್ದಾದ್ರೂ ಆಗಬಹುದಾ? ಕೇಳಪ್ಪಾ, ಹತ್ತೊಂಬತ್ತು ವರ್ಷದಿಂದ ಬೆನ್ನು ಉಜ್ತಿದೀನಿ. ಮುಖ ಮರೀತೀನಿ, ಬೆನ್ನು ಮರೆಯಲ್ಲ. ನಿಮ್ಮಮ್ಮ ನಮ್ಮ ಸ್ನಾನಗೃಹಕ್ಕೆ ಬರ್ತಿದ್ರೆ ಹೇಳು, ಅವಳ ಮಚ್ಚೆ ಎಲ್ಲೆಲ್ಲಿದೆ ಅಂತ ಇಲ್ಲೇ ಹೇಳ್ತೀನಿ. ಅವಳ ಬೆನ್ನೂ ಒಂದು ಹಾಕ್ಸು ಮೇಲೆ, ಯಾರದ್ದಾದ್ರೂ ಆಗಬಹುದಲ್ಲ!"

ಕಲಿಮಾ ನುಣುಪು ಕಲ್ಲಿನ ನೆಲದ ಮೇಲೆ ಶಿರ್ದಾಕನ್ನು ಧೊಪ್ಪನೆ ಬಿಡಿಸಿದಳು. "ಮೂಲೆ ನೋಡು. ನಾಯಿಬಾಲ. ಇಂಥದ್ದು ಇರೋದು ಎರಡೇ. ಇದರ ಅವಳಿ ಮೇಲೆ ಕೂತಿರೋಳು ನಮ್ಮತ್ತಿಗೆ." ಐಪೆರಿ ಫೋನಿನಲ್ಲಿ ಅದನ್ನು ಕಪ್ಪು-ಬಿಳುಪಿನಲ್ಲಿ ತೆಗೆದು, ಬ್ಯಾನರಿನ ಚಿತ್ರದ ಪಕ್ಕ ಹಿಡಿದು ತೋರಿಸಿದಳು.

ಮ್ಯಾನೇಜರ್ ಎರಡನ್ನೂ ನೋಡಿದ. ದನಿ ಇಳಿಸಿದ. "ಅಕ್ಕಾ, ಯಾಕೆ ಜಗಳ? ನೀವಂತ ಯಾರಿಗೂ ಗೊತ್ತಾಗಲ್ಲ. ಇಪ್ಪತ್ತು ಸಾವಿರ ಸೋಮ್ ಕೊಡ್ತೀನಿ. ಮೇ ತಿಂಗಳ ತನಕ ಇರ್ಲಿ."

ಇಪ್ಪತ್ತು ಸಾವಿರವೆಂದರೆ ಜೂರಾಳ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು.

"ಮೊದ್ಲೇ ಬಂದು ಕೇಳಿದ್ರೆ ಇಲ್ಲ ಅಂತಿದ್ದೆ," ಅಂದಳು. "ಇಲ್ಲ ಅನ್ನೋಕೂ ನೀನು ಬಿಡ್ಲಿಲ್ಲ. ಈಗ ಹೇಳ್ತೀನಿ, ಇಲ್ಲ. ಇಳಿಸು."

"ಇಳಿಸೋಕೆ ಏಣಿ ಬೇಕು, ಜನ ಬೇಕು, ವಾರ ಆಗುತ್ತೆ..."

"ಜನ ಬೇಕಾ?" ಎಂದಿತು ಬಾಗಿಲಿನಿಂದ ಒಂದು ದನಿ. ಬಸ್ಸಿನಲ್ಲಿದ್ದ ಮುದುಕಿಯೊಬ್ಬಳು ಆಲೂಗಡ್ಡೆ ಚೀಲದ ಸಮೇತ ಒಳಗೆ ಬಂದಿದ್ದಳು. ಅವಳ ಹಿಂದೆ ಕೆಂಜೆಬೆಕ್, ಅವನ ಹಿಂದೆ ಆರೇಳು ಜನ. "ಹದಿನೆಂಟು ಜನ ಇದೀವಿ ಕಣಪ್ಪ. ನಂಗೆ ಕಣ್ಣಿನ ಡಾಕ್ಟ್ರ ಹತ್ರ ಹೋಗೋದಿದೆ, ಬೇಗ ಏಣಿ ತಾ."

ಏಣಿ ಹಿತ್ತಲಲ್ಲೇ ಇತ್ತು. ಹತ್ತಿದ್ದು ಕೆಂಜೆಬೆಕ್. ಹಗ್ಗ ಕೊಯ್ದಾಗ ಬ್ಯಾನರ್ ಮೊದಲು ಒಂದು ಬದಿಗೆ ಜೋಲಿ, ಆಮೇಲೆ ಬರ್ರೆಂದು ಪೂರ್ತಿ ಕೆಳಗೆ ಬಂತು. ಬಜಾರಿನ ಜನ ನಿಂತು ನೋಡಿದರು. ಬಸ್ಸಿನವರು ಚಪ್ಪಾಳೆ ತಟ್ಟಿದರು. ಜೂರಾ ಅದನ್ನು ಯಾರ ಕೈಗೂ ಕೊಡದೆ ತಾನೇ ಸುರುಳಿ ಸುತ್ತಿ ಬಸ್ಸಿನ ನಡುದಾರಿಯಲ್ಲಿ ಮಲಗಿಸಿದಳು. ಮುದ್ರಣದ ಅಂಗಡಿಯವನು ಅದೇ ಮಧ್ಯಾಹ್ನ ಚೋಲ್ಪೋನ್ ಮತ್ತು ಐಪೆರಿಯ ಕಣ್ಣೆದುರು ಎಲ್ಲಾ ಚಿತ್ರಗಳನ್ನು ಅಳಿಸಿ, ಅಳಿಸಿದ್ದೇನೆಂದು ಬರೆದುಕೊಟ್ಟ.

ಮನೆಯಲ್ಲಿ ಕಲಿಮಾ ಹಿಟ್ಟು ತುಂಡರಿಸಿ ಹಬ್ಬದ ಬೋರ್ಸೋಕ್ ಕರಿದಳು. ಹೊಸ ಎಣ್ಣೆಯ ವಾಸನೆ ಬೀದಿಗೆಲ್ಲ ಹರಡಿತು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಕೆಂಜೆಬೆಕ್ ಏಣಿ ಹತ್ತಿದ್ದನ್ನು ಮೂರನೆಯ ಸಲ ಹೇಳುತ್ತಿದ್ದ. ಆಗ ಬತ್ಮಾ ಮೂರು ವಾರದ ಮೇಲೆ ಮೊದಲ ಬಾರಿಗೆ ಸೊಸೆಯ ಹೆಸರು ಹಿಡಿದು ಕರೆದಳು.

"ಜೂರಾ. ಗೆದ್ದು ಬಂದ್ಯಾ?"

"ಹೂಂ, ಅಪಾ."

"ಕೇಳದೆ ಹಾಕಿದ್ರು ಅಂತ ಊರೆಲ್ಲಾ ಜಗಳ ಆಡಿದೆ. ಸರಿ. ಬೆನ್ನು ನಿಂದು, ನೀನು ಯಾರಿಗಾದ್ರೂ ತೋರ್ಸು, ನಾನು ಬೇಡ ಅನ್ನಲ್ಲ. ನಾನೂ ಸ್ನಾನಗೃಹಕ್ಕೆ ಹೋಗ್ತೀನಿ, ಬೆನ್ನು ಎಲ್ಲರಿಗೂ ಇದೆ." ಅವಳು ಹಾಸಿನ ಮೇಲೆ ಕೈ ಬಡಿದಳು. "ಇದು ಯಾರದ್ದು?"

ಕೆಂಜೆಬೆಕ್ ಏಣಿಯ ಕಥೆಯನ್ನು ಅರ್ಧಕ್ಕೇ ಬಿಟ್ಟ.

"ನಿಮ್ಮದು," ಅಂದಳು ಜೂರಾ.

"ಒಂದೂವರೆ ವರ್ಷ ಹೊಲ್ದೆ. ಬೆರಳು ನೋಡು, ಇವತ್ತಿಗೂ ನೆಟ್ಟಗಾಗಲ್ಲ. ಹಿಮದಲ್ಲಿ ಉಜ್ಜಿ ತರ್ತೀನಿ ಅಂತ ನಂಗೆ ಸುಳ್ಳು ಹೇಳಿ ತಗೊಂಡು ಹೋದೆ. ಇದರ ಚಿತ್ರ ತೆಗೀಬಹುದಾ ಅಂತ ನನ್ನ ಯಾರು ಕೇಳಿದ್ರು? ನಿನ್ನ ಕಾಗದದಲ್ಲಿ ನನ್ನ ಹೆಸರು ಎಲ್ಲಿದೆ?"

ಮ್ಯಾನೇಜರಿಗೆ ಹೇಳಿದ ಮಾತುಗಳೆಲ್ಲ ತಿರುಗಿ ಬಂದು ಜೂರಾಳ ಎದುರೇ ಕೂತಿದ್ದವು. ಜಗಳಕ್ಕೆ ಹುಟ್ಟಿದ ಹೆಂಗಸು ಅವಳು, ಆದರೆ ಇಲ್ಲಿ ಜಗಳಕ್ಕೆ ಜಾಗವಿರಲಿಲ್ಲ.

"ಕೇಳ್ಲಿಲ್ಲ ಅಪಾ. ತಪ್ಪಾಯ್ತು."

"ಈಗ ಕೇಳು."

ಭಾನುವಾರ ಚೋಲ್ಪೋನ್ ಕಾಗದ, ಪೆನ್ನು ಹಿಡಿದು ಬಂದಳು. ಬತ್ಮಾ ಕನ್ನಡಕ ಹಾಕಿಕೊಂಡು, ಹೊಸ ರುಮಾಲು ಕಟ್ಟಿಕೊಂಡು ಕೂತಿದ್ದಳು. ಪ್ರದರ್ಶನದಲ್ಲಿ ಚಿತ್ರ ಇಡಬೇಕೋ ಬೇಡವೋ ಎಂದು ಚೋಲ್ಪೋನ್ ಮೊದಲು ಜೂರಾಳನ್ನು ಕೇಳಿದಳು.

"ಇಡು," ಅಂದಳು ಜೂರಾ. "ಅದು ಅಲ್ಲಿಗೆ ಅಂತಾನೇ ತೆಗೆಸಿದ್ದು. ಅವನು ಕದ್ದ ಅಂತ ನಾನು ಯಾಕೆ ಬಿಡ್ಲಿ? ಹೆಸರು ಬೇಡ, ಮೊದ್ಲಿನ ಹಾಗೇ. ಅಪಾ ಒಪ್ಪಿದ್ರೆ ಮಾತ್ರ."

"ನಂದು ಎರಡು ಮಾತು," ಅಂದಳು ಬತ್ಮಾ. "ಬರ್ಕೋ. ಶಿರ್ದಾಕ್ ಹೊಲಿದವಳು ಬತ್ಮಾ ಅಂತ ಕೆಳಗೆ ಹಾಕ್ಬೇಕು. ಇನ್ನೊಂದು, ಕಪ್ಪು-ಬಿಳುಪು ಬೇಡ. ಕೆಂಪು ಕೆಂಪಾಗೇ ಕಾಣ್ಬೇಕು."

ಚೋಲ್ಪೋನ್ ಪೆನ್ನು ನಿಲ್ಲಿಸಿದಳು. "ಅಪಾ, ಒಟ್ಟು ಮೂವತ್ತು ಚಿತ್ರ. ಎಲ್ಲಾ ಕಪ್ಪು-ಬಿಳುಪೇ. ನಡುವೆ ಇದೊಂದು ಬಣ್ಣದ್ದು ಬಂದ್ರೆ..."

"ಬಂದ್ರೆ ಏನು?"

"ಇಡೀ ಗೋಡೆ ಕೆಟ್ಟಹಾಗೆ ಕಾಣುತ್ತೆ."

"ನಿನ್ನ ಗೋಡೆ ಕೆಟ್ರೆ ಸುಣ್ಣ ಹೊಡೆಸ್ಬಹುದು. ಬೂದಿ ಬಣ್ಣ ನೋಡಿ ನನ್ನ ಮಗ ನನ್ನ ಮಗಳ ಸಂಸಾರ ಕೆಡಿಸೋಕೆ ಹೊರಟಿದ್ದ. ಕೆಂಪು ಕಂಡಿದ್ರೆ ಯಾರ ಮನೇದು ಅಂತ ಆವತ್ತೇ ತಿಳೀತಿತ್ತು. ಬಣ್ಣ ಇಲ್ಲಾಂದ್ರೆ ಸಹಿ ಇಲ್ಲ."

ಚೋಲ್ಪೋನ್ ಜೂರಾಳ ಮುಖ ನೋಡಿದಳು. ಜೂರಾ ಭುಜ ಕುಣಿಸಿದಳು. "ಒಪ್ಪಿಗೆ ಅಂದ್ರೆ ಹೀಗೇ ಅಲ್ವಾ? ನೀನೇ ಕಲಿಸಿದ್ದು."

ಬತ್ಮಾ ಒಂದೊಂದೇ ಅಕ್ಷರ ಕೂಡಿಸಿ, ನಾಲಗೆ ಹೊರಚಾಚಿ ಸಹಿ ಮಾಡಿದಳು. ತನ್ನ ಪ್ರತಿಯನ್ನು ಟೀ ಡಬ್ಬಿಯ ಅಡಿಯಲ್ಲಿಡಲು ಒಪ್ಪಲಿಲ್ಲ. ಅದು ಅವಳ ಪೆಟ್ಟಿಗೆಗೆ, ಗಂಡನ ಪದಕಗಳ ಪಕ್ಕಕ್ಕೆ ಹೋಯಿತು.

ಏಪ್ರಿಲ್ ಕೊನೆಗೆ ಪ್ರದರ್ಶನ ತೆರೆಯಿತು. ಅತ್‌ಬಾಶಿಯಿಂದ ಕಲಿಮಾ ಗಂಡನ ಸಮೇತ ಬಂದಳು. ಅವನು ಬಾಗಿಲಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಎಲ್ಲಿ ನೋಡಬೇಕೋ ತಿಳಿಯದೆ ಬೆಳಕಿನ ದೀಪಗಳನ್ನೇ ನೋಡುತ್ತ ನಡೆದ. ಕೆಂಜೆಬೆಕ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಉದ್ದನೆಯ ಹಾಲಿನಲ್ಲಿ ಹೆಂಗಸರ ಬೆನ್ನು, ಹೊಟ್ಟೆ, ತೊಡೆ, ಹೊಲಿಗೆಯ ಗುರುತು ಬಿದ್ದ ಎದೆ, ಎಲ್ಲ ಬೂದಿ, ಎಲ್ಲ ಮೌನ. ನಡುವೆ ಒಂದೇ ಒಂದು ಬಣ್ಣದ ಚಿತ್ರ. ಕೆಂಪು ನೆಲ, ನೀಲಿ ಕೊಂಬು, ಬಿಸಿಗೆ ಸ್ವಲ್ಪ ಕಂದಿದ ಅಗಲವಾದ ಬೆನ್ನು. ಗೋಡೆ ಕೆಡಲಿಲ್ಲ. ಬಂದವರು ಬಾಗಿಲಿನಿಂದ ನೇರ ಅಲ್ಲಿಗೇ ಹೋಗುತ್ತಿದ್ದರು. ಚೋಲ್ಪೋನ್ ಅದನ್ನು ನೋಡಿ ತುಟಿ ಕಚ್ಚಿಕೊಂಡಳು, ಆಮೇಲೆ ನಕ್ಕಳು.

ಬತ್ಮಾ ಚಿತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. "ಉಣ್ಣೆ ನಮ್ಮ ಕುರೀದೇ. ಕೆಂಪು ನಾನೇ ಕುದಿಸಿದ್ದು. ಆ ಮೂಲೇಲಿ ಕೊಂಬು ಅಲ್ಲ, ನಾಯಿಬಾಲ. ಯಾಕೆ ಅಂದ್ರೆ ನಂಗೆ ಹಾಗನ್ನಿಸ್ತು."

ಕತ್ತಿಗೆ ಕ್ಯಾಮೆರಾ, ಕೈಯಲ್ಲಿ ನೋಟ್‌ಬುಕ್ ಇದ್ದ ಪತ್ರಿಕೆಯ ಯುವತಿಯೊಬ್ಬಳು ಬಗ್ಗಿ ಕೆಳಗಿನ ಚೀಟಿ ಓದಿದಳು. "ಶಿರ್ದಾಕ್ ನಿಮ್ಮದು ಅಂತ ಬರ್ದಿದೆ, ಅಪಾ. ಈ ಹೆಂಗಸು ಯಾರು? ಹೆಸರಿಲ್ವಲ್ಲ."

ಬತ್ಮಾಳ ಕಣ್ಣು ಒಂದು ಕ್ಷಣ ಕಿಟಕಿಯ ಹತ್ತಿರ ನಿಂತ ಸೊಸೆಯ ಕಡೆ ಹೋಯಿತು, ಹಾಗೇ ಹಿಂದಿರುಗಿತು.

"ಅದನ್ನ ನಾನು ಹೇಳೋ ಹಾಗಿಲ್ಲಮ್ಮ," ಅಂದಳು. "ಕಾಗದದಲ್ಲಿ ಬೇಡ ಅಂತ ಬರ್ದಿದೆ. ಅದು ಅವಳಿಗೆ ಬಿಟ್ಟಿದ್ದು."

ಯುವತಿ ತಲೆಯಾಡಿಸಿ ಮುಂದಿನ ಚಿತ್ರಕ್ಕೆ ಹೊರಟಳು.

ಜೂರಾ ಕೈಚೀಲವನ್ನು ಗಂಡನ ಕೈಗೆ ಕೊಟ್ಟಳು. ಹಾಲಿನ ನಡುವೆ, ಬೂಟು ಸದ್ದು ಮಾಡುತ್ತ, ನೆಟ್ಟಗೆ ನಡೆದು ಬಂದಳು.

"ಏಯ್ ಹುಡುಗಿ, ನಿಲ್ಲು," ಎಂದಳು. "ನಾನೇ ಅದು. ಜೂರಾ ಅಂತ ಬರ್ಕೋ."